ಅಲ್ಲಾಡಬೇಡ, ಮಾತಾಡಬೇಡ

ಆ ಫೋಟೋ ಸ್ಟುಡಿಯೋಗೆ ಬಂದವರು ಒಂದು ಮುಖ ಹೊತ್ತು ಒಳಗೆ ಹೋಗುತ್ತಿದ್ದರು, ಇನ್ನೊಂದು ಮುಖವನ್ನು ಲಕೋಟೆಯಲ್ಲಿಟ್ಟುಕೊಂಡು ಹೊರಗೆ ಬರುತ್ತಿದ್ದರು. ನಡುವೆ ಇದ್ದವನು ನುಣುಪಣ್ಣ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಊರವರ ಮೊಡವೆ, ಮಚ್ಚೆ, ಸುಕ್ಕುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ್ದಕ್ಕೆ ಆ ಹೆಸರು ಉದುರಿಹೋಗಿ ಈ ಹೆಸರು ನಿಂತಿತು. ದೇವರು ಅವಸರದಲ್ಲಿ ಬಿಟ್ಟುಹೋದ ಕೆಲಸವನ್ನು ತಾನು ನಿಧಾನವಾಗಿ ಮುಗಿಸುತ್ತೇನೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಜಂಬದ ಆಸಾಮಿಯೇ ಸರಿ. ಆದರೆ ಕೆಲಸ ಬಲ್ಲವನ ಜಂಬವಾದ್ದರಿಂದ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಯಾರ ಮುಖದ ಎರಡು ಅರ್ಧವೂ ಒಂದೇ ಸಮ ಇರುವುದಿಲ್ಲ. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಬಾಯಿಯ ಒಂದು ತುದಿ ಸ್ವಲ್ಪ ಇಳಿಜಾರು. ಎದುರಿಗೆ ಕೂತು ಮಾತಾಡುವಾಗ ಅದು ಕಾಣುವುದಿಲ್ಲ, ಗುರುತಿನ ಚೀಟಿಯ ಫೋಟೋದಲ್ಲಿ ಎದ್ದು ಕಾಣುತ್ತದೆ. ಅಂಥ ಫೋಟೋ ಬಂದರೆ ನುಣುಪಣ್ಣ ಚೆನ್ನಾಗಿರುವ ಅರ್ಧವನ್ನು ಎತ್ತಿ, ಮಗುಚಿ, ಸೊಟ್ಟಗಿರುವ ಅರ್ಧದ ಮೇಲೆ ಕೂರಿಸಿ, ಅಂಚು ಗೊತ್ತಾಗದ ಹಾಗೆ ತಿಕ್ಕಿಬಿಡುತ್ತಿದ್ದ. ಈ ಸೊಟ್ಟ ಫೋಟೋಗಳಿಗೆ ಸ್ಟುಡಿಯೋದಲ್ಲಿ ಒಂದು ಹೆಸರಿತ್ತು. ಪಾಲ್ಸಿ. "ನೀಲಿ ಅಂಗಿಯವ್ರದು ಪಾಲ್ಸಿ, ನೋಡ್ಕೋ" ಎಂದು ಯಜಮಾನರು ಕೌಂಟರಿನಿಂದ ಹೇಳಿದರೆ ಸಾಕು, ಒಳಗೆ ನೀಲಿ ಅಂಗಿಯವರ ಬಾಯಿ ನೆಟ್ಟಗಾಗುತ್ತಿತ್ತು.

ಆ ಇಂಗ್ಲಿಷ್ ಮಾತು ಸ್ಟುಡಿಯೋಗೆ ಬಂದದ್ದು ನುಣುಪಣ್ಣನ ಮನೆಯಿಂದ. ಮನೆಗೆ ಬಂದದ್ದು ಡಾಕ್ಟರ ಬಾಯಿಂದ. ಅದಕ್ಕೂ ಮೊದಲು ಆ ಮನೆಯಲ್ಲಿ ಬೇರೊಂದು ಮಾತಿತ್ತು, ಲಕ್ವ. ನುಣುಪಣ್ಣನ ಅಪ್ಪನಿಗೆ ಲಕ್ವ ಹೊಡೆದಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ, ಅಮ್ಮ ಆಗಲೇ ಇರಲಿಲ್ಲ. ಅಪ್ಪ ವರ್ಷಗಟ್ಟಲೆ ಹಾಸಿಗೆಯಲ್ಲೇ ಮಲಗಿದ. ಅವನಿಗೆ ತುತ್ತಿಟ್ಟು, ಮಗ್ಗುಲು ತಿರುಗಿಸಿ, ಬಾಯಿಂದ ಸುರಿಯುವುದನ್ನು ಒರೆಸಿ, ಜೊತೆಗೆ ತಮ್ಮನನ್ನೂ ಸಾಕಿದವಳು ಅಕ್ಕ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಹಾಸಿಗೆಯನ್ನು ಹೊರಗೆ ಹಾಕಿದಳು, ಮಾತನ್ನೂ ಹೊರಗೆ ಹಾಕಿದಳು. ಈ ಮನೆಯೊಳಗೆ ಆ ಹೆಸರು ಎತ್ತಕೂಡದು, ಹೆಸರು ಎತ್ತಿದರೆ ಅದು ದಾರಿ ನೆನಪಿಟ್ಟುಕೊಂಡು ಬರುತ್ತದೆ ಎಂದು ತಾಕೀತು ಮಾಡಿದಳು. ಅಕ್ಕನ ಮಾತೆಂದರೆ ಆ ಮನೆಯಲ್ಲಿ ಕಲ್ಲಿನ ಮೇಲಿನ ಗೆರೆ. ಯಾರೂ ಎತ್ತಲಿಲ್ಲ.

ನುಣುಪಣ್ಣನಿಗೆ ಮದುವೆಯಾಗಿ ಕೆಲವು ವರ್ಷದ ಮೇಲೆ, ಒಂದು ಬೆಳಿಗ್ಗೆ ಅವನ ಹೆಂಡತಿ ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಪಕ್ಕದಿಂದ ಸೋರಿತು. ಒಂದು ಕಣ್ಣು ಮುಚ್ಚಲೇ ಇಲ್ಲ. ಅಕ್ಕ ಅದನ್ನು ನೋಡಿದವಳೇ ಗೋಡೆ ಹಿಡಿದುಕೊಂಡಳು. ಆದರೆ ಡಾಕ್ಟರು ನಗುತ್ತಲೇ, ಇದು ಬರೀ ಪಾಲ್ಸಿ, ಮುಖದ ನರ ಊದಿಕೊಂಡಿದೆ, ಕೆಲವು ವಾರದಲ್ಲಿ ತಾನಾಗಿ ಸರಿಹೋಗುತ್ತದೆ ಎಂದರು. ಹೆಂಡತಿ ರಾತ್ರಿ ಆ ಕಣ್ಣಿಗೆ ಟೇಪು ಅಂಟಿಸಿಕೊಂಡು ಮಲಗಿದಳು, ಹಗಲು ಕನ್ನಡಿಯ ಮುಂದೆ ಕೆನ್ನೆ ಉಬ್ಬಿಸಿ ಅಭ್ಯಾಸ ಮಾಡಿದಳು, ಡಾಕ್ಟರು ಹೇಳಿದ ಹಾಗೆಯೇ ನೆಟ್ಟಗಾದಳು. ಹೋದ ಜೀವ ಬಂದಂತಾಯಿತು. ಅಂದಿನಿಂದ ಪಾಲ್ಸಿ ಎಂಬುದು ಆ ಮನೆಯವರಿಗೆ ಪ್ರೀತಿಯ ಮಾತಾಯಿತು. ಯಾರ ಹಾಸಿಗೆಯನ್ನೂ ನೋಡದ, ಯಾರ ಜೊಲ್ಲನ್ನೂ ಒರೆಸದ, ಹೊಚ್ಚ ಹೊಸ ಮಾತು. ಫ್ಯಾನು ನಿಧಾನವಾದರೆ ಪಾಲ್ಸಿ. ನಲ್ಲಿ ಒಂದು ಪಕ್ಕ ಚಿಮ್ಮಿದರೆ ಪಾಲ್ಸಿ. ಸ್ಟುಡಿಯೋದ ಪ್ರಿಂಟರು ಕಾಗದ ಕಚ್ಚಿಕೊಂಡು ನಿಂತರೂ ಪಾಲ್ಸಿ. ಅಕ್ಕ ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದಳು. ತಮ್ಮ ಬೆಳಿಗ್ಗೆ ಏಳಲು ಸೋಮಾರಿತನ ಮಾಡಿದರೆ ಪಾಲ್ಸಿ ಬಡೀತೇನೋ ಎಂದು ಚಾದರ ಎಳೆಯುತ್ತಿದ್ದಳು.

ಈ ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ಬಸ್ಸು ಬಂತು, ಯಾವುದು ತಡ, ಯಾವುದು ಎಲ್ಲಿ ನಿಂತಿದೆ ಎಂದು ದಿನವಿಡೀ ಹೇಳುವುದೇ ಅವಳ ಕೆಲಸ. ಊರಿಗೆಲ್ಲ ಗೊತ್ತಿದ್ದ ದನಿ, ಯಾರಿಗೂ ಗೊತ್ತಿಲ್ಲದ ಮುಖ. ನಿಲ್ದಾಣದವರು ಎಲ್ಲರಿಗೂ ಹೊಸ ಗುರುತಿನ ಚೀಟಿ ಮಾಡಿಸುತ್ತಿದ್ದರು. ತಮ್ಮನೇ ಫೋಟೋ ತೆಗೆಯುವವನಾಗಿರುವಾಗ ಬೇರೆ ಕಡೆ ಯಾಕೆ ಹೋಗಲಿ ಎಂದು ಅಕ್ಕ ಊಟದ ಬಿಡುವಿನಲ್ಲಿ ಸ್ಟುಡಿಯೋಗೆ ಬಂದಳು.

ಬಂದವಳು ಸುಮ್ಮನೆ ಕೂರಲಿಲ್ಲ. ಸ್ಟೂಲಿನ ಮೇಲೆ ಕೂತು, ತಮ್ಮನ ಹೊಟ್ಟೆ ಅವನಿಗಿಂತ ಮೊದಲು ಕೋಣೆಯೊಳಗೆ ಬರುತ್ತದೆ ಎಂದಳು. ಹಿಂದೆ ಕಟ್ಟಿದ ನೀಲಿ ಬಟ್ಟೆಗೆ ಯಾವಾಗ ಸ್ನಾನ ಮಾಡಿಸಿದ್ದು ಎಂದು ಕೇಳಿದಳು. ನುಣುಪಣ್ಣ ಕೊರಳಿಗೆ ನೇತುಹಾಕಿಕೊಂಡ ಕ್ಯಾಮೆರಾ ಎತ್ತಿ ಒಂದು ತೆಗೆದ, ಅವಳ ಬಾಯಿ ತೆರೆದಿತ್ತು. ಇನ್ನೊಂದು ತೆಗೆದ, ನಗುತ್ತಿದ್ದಳು. ನಗುವ ಫೋಟೋ ಚೀಟಿಗೆ ಆಗುವುದಿಲ್ಲ. ಒಂದು ಪಕ್ಕದ ದೀಪ ತುಸು ಮೇಲಾಗಿದೆ ಎನಿಸಿ, ತಡಿ ಎಂದು ಹೇಳಿ ಅವನು ಬೆನ್ನು ತಿರುಗಿಸಿ ದೀಪದ ಕಂಬದ ತಿರುಪು ಬಿಚ್ಚತೊಡಗಿದ. ಹಿಂದಿನಿಂದ ಅಕ್ಕ ಅವನ ಹೆಂಡತಿಯ ಬಗ್ಗೆ ಏನೋ ಹೇಳುತ್ತಿದ್ದಳು, ಅರ್ಧಕ್ಕೆ ನಿಲ್ಲಿಸಿದಳು. ಅಂತೂ ಬಾಯಿಗೆ ಬಿಡುವು ಕೊಟ್ಟಳಲ್ಲ ಎಂದುಕೊಂಡು ಅವನು ತಿರುಪು ಬಿಗಿ ಮಾಡಿದ.

ತಿರುಗಿ ನೋಡಿದರೆ ಅವಳ ಬಲಭುಜ ಇಳಿದಿತ್ತು. ಎತ್ತಲು ಹೇಳಿದ. ಎತ್ತಲಿಲ್ಲ. ದಿನಕ್ಕೆ ನೂರಾರು ಭುಜಗಳನ್ನು ನೋಡುವವನು. ತಾನೇ ಹೋಗಿ ಎರಡು ಕೈಯಲ್ಲಿ ಹಿಡಿದು ಎತ್ತಿ ಕೂರಿಸಿ ಬಂದ. ಕ್ಯಾಮೆರಾ ಎತ್ತುವಷ್ಟರಲ್ಲಿ ಮತ್ತೆ ಇಳಿಯಿತು. ಅಕ್ಕ ಅವನನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡಿಸಿದಳು. ನಾಲಿಗೆ ದಪ್ಪಗಾದವರ ಹಾಗೆ, ಬಹಳ ಪ್ರಯಾಸದಿಂದ ಒಂದು ಮಾತು ಹೊರಗೆ ತಂದಳು.

"ಪಾ...ಲ್ಸಿ. ಪಾಲ್ಸಿ ಕಣೋ."

ನುಣುಪಣ್ಣ ನಕ್ಕ. ಫೋಟೋ ಸೊಟ್ಟ ಬರುತ್ತದೆಂದು ಅಕ್ಕ ಮೊದಲೇ ಹಾಸ್ಯ ಮಾಡುತ್ತಿದ್ದಾಳೆ, ಸ್ಟುಡಿಯೋದ ಮಾತನ್ನು ಸ್ಟುಡಿಯೋದಲ್ಲೇ ತಿರುಗಿಸಿ ಹೊಡೆಯುತ್ತಿದ್ದಾಳೆ ಎಂದು ಅವನ ಲೆಕ್ಕ. "ಅದೆಲ್ಲ ನಾನು ಒಳಗೆ ಸರಿ ಮಾಡ್ತೀನಿ ಬಿಡಕ್ಕ. ಅಲ್ಲಾಡಬೇಡ, ಮಾತಾಡಬೇಡ" ಎಂದ. ಕ್ಯಾಮೆರಾದ ಹಿಂದೆ ನಿಂತು ಎಲ್ಲರಿಗೂ ಹೇಳುವ ಮಾತು ಅದು. ಅಕ್ಕ ಅಲ್ಲಾಡಲಿಲ್ಲ, ಮಾತಾಡಲಿಲ್ಲ. ಅವನು ಒಂದರ ಹಿಂದೊಂದು ತೆಗೆದ. ಚೀಟಿಗೆ ಬೇಕಾದಷ್ಟು ಗಂಭೀರವಾಗಿತ್ತು ಮುಖ.

ಸ್ಟೂಲಿನಿಂದ ಇಳಿಸುವಾಗ ಅಕ್ಕನ ಭಾರವೆಲ್ಲ ಅವನ ಮೇಲೆ ಬಿತ್ತು. ಕಾಲು ಜೋಮು ಹಿಡಿದಿರಬೇಕು, ಬೆಳಿಗ್ಗೆಯಿಂದ ಕುರ್ಚಿಯಲ್ಲಿ ಕೂತವಳು. ಈಗ ಹೇಳು ಯಾರು ದಪ್ಪ ಎಂದು ಚುಡಾಯಿಸುತ್ತ, ಅವಳ ಸೊಂಟ ಬಳಸಿ ಹಿಡಿದು ಪರದೆಯ ಆಚೆಗೆ ಕರೆತಂದು ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿದ. ಗೋಡೆಗೆ ಒರಗಿಸಿದ. ಪ್ರಿಂಟು ತಂದುಕೊಡುವವರೆಗೆ ಆರಾಮಾಗಿ ಕೂತಿರು ಎಂದು ಪರದೆ ಎಳೆದು ಒಳಗೆ ಹೋದ.

ಒಳಗೆ ಕಂಪ್ಯೂಟರಿನ ಪರದೆಯ ತುಂಬ ಅಕ್ಕನ ಮುಖ. ಅದನ್ನು ನೋಡಿ ಅವನಿಗೆ ನಿಜಕ್ಕೂ ಬೇಸರವಾಯಿತು. ಬಲಗಡೆಯ ಬಾಯಿ ಇಳಿದುಬಿಟ್ಟಿದೆ, ಕೆನ್ನೆ ಜೋತುಬಿದ್ದಿದೆ, ಅಕ್ಕನಿಗೆ ವಯಸ್ಸಾಯಿತಲ್ಲ ಎಂದುಕೊಂಡ. ತನ್ನನ್ನು ಸಾಕುವುದರಲ್ಲೇ ಸವೆದಳು ಎನಿಸಿತು. ಈ ಫೋಟೋವನ್ನು ಬೇರೆಯವರದರಂತೆ ಮಾಡಿ ಎಸೆಯಬಾರದು. ಎಡ ಅರ್ಧವನ್ನು ಎತ್ತಿದ, ಮಗುಚಿದ, ಬಲಕ್ಕೆ ಕೂರಿಸಿದ. ಅಂಚು ತಿಕ್ಕಿದ. ಹೀಗೆ ಮಾಡಿದರೆ ಮುಖ ಗೊಂಬೆಯಂತಾಗುತ್ತದೆಂದು ಕೂದಲ ಎಳೆಯೊಂದನ್ನು ಬೇಕೆಂದೇ ಆಚೀಚೆ ಮಾಡಿದ. ಕಣ್ಣಿನ ಬಳಿಯ ಸುಕ್ಕುಗಳನ್ನು ಮಾತ್ರ ಹಾಗೇ ಬಿಟ್ಟ, ಅವು ಅಕ್ಕನವು. ಅಷ್ಟು ಪ್ರೀತಿಯಿಂದ ಅವನು ಯಾವ ಮುಖವನ್ನೂ ತಿದ್ದಿರಲಿಲ್ಲ. ತಿದ್ದಲು ಅಷ್ಟು ಹೊತ್ತನ್ನೂ ತೆಗೆದುಕೊಂಡಿರಲಿಲ್ಲ.

ಪ್ರಿಂಟು ಹಿಡಿದು ಹೊರಗೆ ಬಂದಾಗ ಯಜಮಾನರು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಅಕ್ಕನಿಗೆ ಜೊಂಪು ಹತ್ತಿದೆ, ತಲೆ ವಾಲುತ್ತಿತ್ತು, ಗಾಳಿ ಬಡಿಯದಿರಲಿ ಎಂದು ತಾವೇ ಫ್ಯಾನು ಆರಿಸಿದ್ದಾಗಿ ಪಿಸುಗುಟ್ಟಿದರು. ನುಣುಪಣ್ಣ ಬೆಂಚಿನ ಮುಂದೆ ಬಗ್ಗಿ, ನೋಡಕ್ಕ ಎಂದು ಪ್ರಿಂಟನ್ನು ಅವಳ ಕೈಗೆ ಕೊಟ್ಟ. ಕೈ ಹಿಡಿಯಲಿಲ್ಲ. ಫೋಟೋ ಅವಳ ತೊಡೆಯ ಮೇಲೆ ಬಿತ್ತು, ಮುಖ ಮೇಲಾಗಿ.

ಅಕ್ಕ ಮಲಗಿರಲಿಲ್ಲ. ಅವಳ ಕಣ್ಣು ತೆರೆದೇ ಇತ್ತು. ಇಡೀ ಹೊತ್ತು ತೆರೆದೇ ಇದ್ದಿರಬೇಕು.

ಕೆಳಗೆ ಕಾಗದದ ಮೇಲೆ ಅಕ್ಕನ ಮುಖ, ನೆಟ್ಟಗೆ. ಮೇಲೆ ಕುತ್ತಿಗೆಯ ಮೇಲೆ ಇನ್ನೊಂದು ಮುಖ. ಬಲಗಡೆಯೆಲ್ಲ ಕೆಳಗೆ ಜಾರಿದೆ, ಬಾಯಿಯ ಮೂಲೆಯಿಂದ ಜೊಲ್ಲು ಇಳಿದು ಕುಪ್ಪಸದ ಭುಜ ಒದ್ದೆಯಾಗಿದೆ. ಆ ಮುಖವನ್ನು ನುಣುಪಣ್ಣ ಬಲ್ಲ. ಅದು ಅಪ್ಪನ ಮುಖ. ಶಾಲೆಯಿಂದ ಬಂದು ಚೀಲ ಇಟ್ಟ ಕೂಡಲೇ ದಿನಾ ನೋಡುತ್ತಿದ್ದ ಮುಖ. ಕಂಪ್ಯೂಟರಿನಲ್ಲಿ ಅಳತೆಪಟ್ಟಿ ಹಿಡಿದವನಂತೆ ಅಳೆದು ಅಳೆದು ತಿದ್ದುವಾಗ ಕಾಣದ್ದು ಈಗ ಕಾಣಿಸಿತು.

"ಲಕ್ವ" ಎಂದ. ಅಷ್ಟು ವರ್ಷ ಬಾಗಿಲ ಹೊರಗಿದ್ದ ಮಾತು ಅವನ ಬಾಯಿಂದಲೇ ಬಂತು. ಅಕ್ಕನ ಎಡಗಣ್ಣಿನಿಂದ ನೀರು ಇಳಿಯಿತು. ಅದೇ ಮಾತಿಗಾಗಿ ಅವಳು ಅಷ್ಟು ಹೊತ್ತಿನಿಂದ ಕಾಯುತ್ತಿದ್ದಳು.

ಆಸ್ಪತ್ರೆಗೆ ಹೇಗೆ ಹೋದದ್ದೆಂಬುದು ಅವನಿಗೆ ನೆನಪಿಲ್ಲ. ಯಜಮಾನರು ಅಂಗಡಿ ತೆರೆದಿಟ್ಟೇ ತಮ್ಮ ಕಾರು ತೆಗೆದರು ಎಂದು ಆಮೇಲೆ ತಿಳಿಯಿತು. ಅಕ್ಕನನ್ನು ಮಲಗಿಸಿ ತಳ್ಳಿಕೊಂಡು ಹೋಗುವಾಗ ಒಬ್ಬ ಡಾಕ್ಟರಮ್ಮ ಅವನ ತೋಳು ಹಿಡಿದು ನಿಲ್ಲಿಸಿ, ಇದು ಶುರುವಾದದ್ದು ಯಾವಾಗ ಎಂದು ಕೇಳಿದರು. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಅದನ್ನು ಕರಗಿಸುವ ಮದ್ದು ಇದೆ, ಆದರೆ ಶುರುವಾಗಿ ಕೆಲವೇ ಗಂಟೆಯೊಳಗೆ ಕೊಡಬೇಕು, ಹೊತ್ತು ಗೊತ್ತಿಲ್ಲದೆ ಕೊಟ್ಟರೆ ಅದೇ ಪ್ರಾಣಕ್ಕೆ ಬರಬಹುದು ಎಂದರು. ನುಣುಪಣ್ಣ ತೊದಲಿದ. ಫೋಟೋ ತೆಗೆಸಲು ಬಂದಿದ್ದಳು, ಆಮೇಲೆ ಬೆಂಚಿನ ಮೇಲೆ, ಪಾಲ್ಸಿ ಇರಬಹುದಲ್ಲವಾ ಎಂದ. ನೆಟ್ಟಗಾಗುವ ಕಾಯಿಲೆಯ ಹೆಸರನ್ನು ಮುಂದೆ ಹಿಡಿದರೆ ಇದೂ ನೆಟ್ಟಗಾದೀತು ಎಂಬ ಆಸೆ.

"ಪಾಲ್ಸಿ ಅಂತ ಯಾರು ಹೇಳಿದ್ರು?" ಡಾಕ್ಟರಮ್ಮ ಕೇಳಿದರು.

"ಅವಳೇ. ಅಕ್ಕ."

"ಹಾಗಾದ್ರೆ ಅವರಿಗೆ ಗೊತ್ತಾಗಿದೆ. ಅವರು ಹೇಳಿದಾಗ ನೀವೇನು ಮಾಡಿದ್ರಿ?"

"ಮಾತಾಡಬೇಡ ಅಂದೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರ ಕಣ್ಣು ಅವನ ಕೊರಳಿಗೆ ಇಳಿಯಿತು. ಕ್ಯಾಮೆರಾ ಅಲ್ಲೇ ನೇತಾಡುತ್ತಿತ್ತು. ಬೆಳಿಗ್ಗೆ ಹಾಕಿಕೊಂಡರೆ ಸ್ಟುಡಿಯೋ ಮುಚ್ಚುವವರೆಗೂ ಅದನ್ನು ತೆಗೆಯುವ ಅಭ್ಯಾಸ ಅವನಿಗಿರಲಿಲ್ಲ. ಅದರಲ್ಲಿ ಇವತ್ತಿನ ಫೋಟೋಗಳಿವೆಯಾ ಎಂದು ಕೇಳಿ, ಅವನು ಉತ್ತರ ಕೊಡುವ ಮೊದಲೇ ಕೈ ಚಾಚಿದರು.

ಇಬ್ಬರೂ ಆ ಪುಟ್ಟ ಪರದೆಯ ಮೇಲೆ ಬಗ್ಗಿದರು. ಒಂದೊಂದು ಚಿತ್ರದ ಮೂಲೆಯಲ್ಲೂ ತೆಗೆದ ಹೊತ್ತು ಇತ್ತು. ಮೊದಲನೆಯದರಲ್ಲಿ ಅಕ್ಕ ಬಾಯಿ ತೆರೆದು ಅವನ ಹೊಟ್ಟೆಯನ್ನು ಆಡಿಕೊಳ್ಳುತ್ತಿದ್ದಾಳೆ. ಎರಡನೆಯದರಲ್ಲಿ ಎರಡು ಕೆನ್ನೆಯೂ ಎದ್ದು, ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ. ಮೂರನೆಯದರಲ್ಲಿ ಬಲಭುಜ ಇಳಿದಿದೆ, ಕೆನ್ನೆ ಜೋತಿದೆ, ಬಲಗಡೆಯ ಬಾಯಿ ಜಾರಿದೆ. ಆಮೇಲಿನವೆಲ್ಲ ಇಳಿಯುತ್ತ ಹೋಗಿವೆ, ಪ್ರತಿಯೊಂದರಲ್ಲೂ ಕಣ್ಣು ಮಾತ್ರ ನೇರವಾಗಿ ಕ್ಯಾಮೆರಾದ ಹಿಂದಿರುವವನನ್ನು ನೋಡುತ್ತಿದೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಅವನು ಬೆನ್ನು ತಿರುಗಿಸಿ ತಿರುಪು ಬಿಗಿ ಮಾಡಿದ್ದ.

"ಇಲ್ಲಿ" ಎಂದು ಡಾಕ್ಟರಮ್ಮ ಬೆರಳಿಟ್ಟರು. "ಇಷ್ಟು ಸರಿಯಾಗಿ ನಮಗೆ ಯಾರೂ ಹೇಳಲ್ಲ. ಇನ್ನೂ ಹೊತ್ತಿದೆ." ಅಷ್ಟು ಹೇಳಿ ಸ್ಕ್ಯಾನಿನ ಕೋಣೆಯ ಕಡೆ ಓಡಿದರು. ಕ್ಯಾಮೆರಾ ಅವನ ಕೈಯಲ್ಲೇ ಉಳಿಯಿತು. ಅದನ್ನು ಬೆಂಚಿನ ಮೇಲೆ ಇಡಲೂ ಆಗಲಿಲ್ಲ, ಕೊರಳಿಗೆ ಹಾಕಿಕೊಳ್ಳಲೂ ಆಗಲಿಲ್ಲ.

ಹೆಂಡತಿ ಬಂದಾಗ ಅವನು ಹಾಗೇ ನಿಂತಿದ್ದ. ಅವನ ಅಂಗಿಯ ಜೇಬಿನಲ್ಲಿ ಅಕ್ಕನ ಪ್ರಿಂಟು ಇಣುಕುತ್ತಿತ್ತು, ಯಾವಾಗ ಎತ್ತಿಕೊಂಡನೋ ಅವನಿಗೇ ತಿಳಿಯದು. ಹೆಂಡತಿ ಅದನ್ನು ತೆಗೆದು ನೋಡಿ, ಏನೂ ಆಗಿಲ್ಲವಲ್ಲ, ಇದು ಇವತ್ತಿನದಾ, ಎಷ್ಟು ಚೆನ್ನಾಗಿದ್ದಾರೆ ಎಂದಳು. ಅವಳ ಮುಖ ಅರಳಿಯೇ ಬಿಟ್ಟಿತು. ನುಣುಪಣ್ಣ ಗೋಡೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಿನ ಮೇಲೆ ಅವಳಿಗೂ ಅರ್ಥವಾಯಿತು, ಫೋಟೋವನ್ನು ಮಗುಚಿ ಹಿಡಿದುಕೊಂಡಳು.

ಅಕ್ಕನಿಗೆ ಮದ್ದು ಕೊಟ್ಟ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ಹೆಂಡತಿ ಅವರನ್ನು ತಡೆದು, ತನಗೂ ಪಾಲ್ಸಿ ಆಗಿ ಹೋಗಿತ್ತಲ್ಲ, ಅತ್ತಿಗೆಯದೂ ಅಂಥದ್ದೇ ಯಾಕಿರಬಾರದು ಎಂದು ಕೇಳಿದಳು. ನಿಮಗೆ ಆಗ ಕಣ್ಣು ಮುಚ್ಚುತ್ತಿತ್ತಾ, ಹಣೆ ಸುಕ್ಕಾಗುತ್ತಿತ್ತಾ ಎಂದು ಅವರು ತಿರುಗಿ ಕೇಳಿದರು. ಎರಡೂ ಆಗುತ್ತಿರಲಿಲ್ಲ. ಇವರಿಗೆ ಆಗುತ್ತದೆ, ಅಂದರೆ ಕೆಟ್ಟಿರುವುದು ಮುಖದ ನರವಲ್ಲ, ಮಿದುಳು ಎಂದರು. ಪಾಲ್ಸಿ ಎಂಬುದು ಒಂದು ಕಾಯಿಲೆಯ ಹೆಸರೇ ಅಲ್ಲ, ಹಳೆಯ ಕಾಲದ ಮಾತು. ಮುಖ ಸೊಟ್ಟಗಾದರೂ ಪಾಲ್ಸಿ, ಹುಟ್ಟುವಾಗಲೇ ಮಗುವಿನ ಮಿದುಳಿಗೆ ಏಟಾಗಿದ್ದರೂ ಪಾಲ್ಸಿ, ಮುದುಕರ ಕೈ ನಡುಗಿದರೂ ಇಂಗ್ಲಿಷಿನ ಹಿಂದಿನವರು ಅದನ್ನೇ ಅನ್ನುತ್ತಿದ್ದರು. ಜೊತೆಗೆ ಯಾವ ಮಾತು ಸೇರಿದೆ ಎಂದು ನೋಡದಿದ್ದರೆ ಏನೂ ಗೊತ್ತಾಗುವುದಿಲ್ಲ ಎಂದರು.

"ಪೆರಾಲಿಸಿಸ್ ಅನ್ನೋ ಮಾತೇ ಜನರ ಬಾಯಲ್ಲಿ ಸವೆದೂ ಸವೆದೂ ಪಾಲ್ಸಿ ಆಗಿದ್ದು. ಎರಡೂ ಒಂದೇ" ಎಂದು ಅವರು ಹೋದರು. ಯಾವ ಮಾತನ್ನು ಬಾಗಿಲ ಹೊರಗೆ ಹಾಕಿದ್ದೆವೋ ಅದೇ ಮಾತನ್ನು ಬೇರೆ ಅಂಗಿ ತೊಡಿಸಿ ಒಳಗೆ ಕರೆದು, ಫ್ಯಾನಿಗೂ ನಲ್ಲಿಗೂ ಹಚ್ಚಿ ಇನ್ನಷ್ಟು ಸವೆಸಿದೆವಲ್ಲ ಎಂದು ನುಣುಪಣ್ಣನಿಗೆ ಹೊಳೆಯಿತು. ಅಕ್ಕ ಕೈಗೆ ಸಿಕ್ಕ ಒಂದೇ ಒಂದು ಮಾತನ್ನು ಎತ್ತಿ ಕೂಗಿದ್ದಳು. ಅದರಲ್ಲಿ ಕೂಗುವಷ್ಟು ಏನೂ ಉಳಿದಿರಲಿಲ್ಲ.

ಅಕ್ಕ ಉಳಿದಳು. ಕಾಲು ಬಂತು, ಕೈ ಮುಕ್ಕಾಲು ಬಂತು. ಮಾತು ಕೊನೆಗೆ ಬಂತು, ಸ್ವಲ್ಪ ಗೊಗ್ಗರಾಗಿ, ನಿಂತು ನಿಂತು. ಬಾಯಿಯ ಬಲತುದಿ ಮಾತ್ರ ಕೆಳಗೇ ಉಳಿಯಿತು. ಮೈಕಿನ ಕೆಲಸ ಬೇರೆಯವರಿಗೆ ಹೋಗಿತ್ತು, ನಿಲ್ದಾಣದವರು ಅವಳನ್ನು ವಿಚಾರಣೆಯ ಕಿಟಕಿಯಲ್ಲಿ ಕೂರಿಸುತ್ತೇವೆ ಎಂದರು. ಅದಕ್ಕೆ ಹೊಸ ಚೀಟಿ ಬೇಕು, ಚೀಟಿಗೆ ಫೋಟೋ ಬೇಕು. ನುಣುಪಣ್ಣ ಆ ದಿನದಿಂದ ಸ್ಟುಡಿಯೋದಲ್ಲಿ ಹಿನ್ನೆಲೆಯ ಬಣ್ಣ ಬದಲಿಸುವುದೊಂದನ್ನು ಬಿಟ್ಟು ಯಾರ ಮುಖಕ್ಕೂ ಕೈ ಹಾಕಿರಲಿಲ್ಲ. ಗಿರಾಕಿಗಳು ಗೊಣಗುತ್ತಿದ್ದರು. ಯಜಮಾನರು ತಾಳ್ಮೆಯಿಂದಿದ್ದರು.

ಅಕ್ಕ ಸ್ಟೂಲಿನ ಮೇಲೆ ಕೂತಳು. ಅವನು ಒಂದೇ ಒಂದು ಫೋಟೋ ತೆಗೆದು, ಇದ್ದದ್ದು ಇದ್ದ ಹಾಗೆ ಪ್ರಿಂಟು ಮಾಡಿ ತಂದುಕೊಟ್ಟ. ಅವಳು ಎಡಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ತಿದ್ದು" ಎಂದಳು.

ಅವನು ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ.

"ಅವತ್ತು ಬೇಡದೇ ಇದ್ದಾಗ... ತಿದ್ದಿದೆ. ಇವತ್ತು ಕೇಳ್ತಿದೀನಿ, ಆಗಲ್ಲ ಅಂತೀಯ. ಲಕ್ವ ಹೊಡೆದದ್ದು ನನ್ನ ಮುಖಕ್ಕೆ ಕಣೋ... ನಿನ್ನ ಕೈಗಲ್ಲ."

ಅಪ್ಪ ತೀರಿಕೊಂಡ ಮೇಲೆ ಆ ಮಾತನ್ನು ಅಕ್ಕನ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಗೊಗ್ಗರು ದನಿಯಲ್ಲೂ ಅದು ಚೊಕ್ಕವಾಗಿ ಬಂತು. ಅವನು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಪರದೆಯ ತುಂಬ ಅಕ್ಕನ ಮುಖ ಬಂದಿತು, ಮೌಸಿನ ಮೇಲಿಟ್ಟ ಕೈ ಏಳಲಿಲ್ಲ. ಎದ್ದು ಬಂದು, ನಡುವಿನ ಪರದೆಯನ್ನು ಪೂರ್ತಿ ಸರಿಸಿ ಗಂಟು ಹಾಕಿದ. ಬೆಂಚು ಕಾಣಿಸಿತು, ಬೆಂಚಿನ ಮೇಲೆ ಅಕ್ಕ ಕಾಣಿಸಿದಳು. ಆದರೂ ಸಾಲಲಿಲ್ಲ.

"ಮಾತಾಡ್ತಾ ಇರು ಅಕ್ಕ" ಎಂದ. "ನಾನು ಮುಗಿಸೋವರೆಗೂ ನಿಲ್ಲಿಸಬೇಡ."

ಏನು ಮಾತಾಡಲಿ ಎಂದು ಅವಳು ಕೇಳಿದಳು. ಏನಾದರೂ ಎಂದ. ಅಕ್ಕ ಸ್ವಲ್ಪ ಯೋಚಿಸಿ, ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ಮೈಕಿದೆಯೇನೋ ಎಂಬಂತೆ ಶುರುಮಾಡಿದಳು. "ಪ್ರಯಾಣಿಕರ ಗಮನಕ್ಕೆ..." ಕೌಂಟರಿನಲ್ಲಿ ಯಜಮಾನರು ತಲೆ ಎತ್ತಿದರು, ಬಾಗಿಲ ಬಳಿ ನಿಂತಿದ್ದ ಗಿರಾಕಿಯೊಬ್ಬ ಈ ದನಿ ಎಲ್ಲೋ ಕೇಳಿದ್ದೇನಲ್ಲ ಎಂದು ಸುತ್ತ ನೋಡಿದ. ಬರದ ಬಸ್ಸು, ತಡವಾದ ಬಸ್ಸು, ಹೊರಟುನಿಂತ ಬಸ್ಸು, ಒಂದೊಂದಾಗಿ ಅಕ್ಕ ಕರೆಯತೊಡಗಿದಳು. ನುಣುಪಣ್ಣನ ಕೈ ಮೆಲ್ಲಗೆ ಅವಳ ಬಾಯಿಯ ಬಲತುದಿಗೆ ಬಂತು. ಒಂದೆರಡು ಬಸ್ಸಿನ ನಂತರ ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು, ಅವನು ಮೌಸು ಬಿಟ್ಟು ಕುರ್ಚಿ ಉರುಳಿಸಿಕೊಂಡು ಎದ್ದುನಿಂತ.

"ಬರ್ತಿದೆ ಕಣೋ" ಎಂದಳು ಅಕ್ಕ. "ಮುಂದಿನ ಬಸ್ಸು ಬರ್ತಿದೆ. ಕೂತ್ಕೋ."